ನೇಟಿವ್ ಎಂಬ ಕಾಲಮ್ಮು

ಬೀದಿಯವರೆಲ್ಲ ಅವಳನ್ನು ಇಂಗ್ಲಿಷ್ ಮಿಸ್ಸು ಎಂದೇ ಕರೆಯುತ್ತಿದ್ದರು. ತರಕಾರಿ ಗಾಡಿಯವನು ಅವಳ ಮನೆ ಮುಂದೆ ಬಂದಾಗ ಮಾತ್ರ ‘ಟೊಮ್ಯಾಟೋ’ ಎಂದು ನಾಲಿಗೆ ತಿರುಗಿಸಿ ಕೂಗಿ, “ಸರಿ ಹೇಳಿದ್ನಾ ಮಿಸ್ಸೇ?” ಎಂದು ಕೇಳುತ್ತಿದ್ದ. ಸ್ಕೂಲಿನ ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಬೀದಿಯಲ್ಲಿ ಅವಳ ಮಿಸ್ಸುತನ ಹೋಗಿರಲಿಲ್ಲ. ಮನೆಯ ಮಟ್ಟಿಗೆ ಮಾತ್ರ ಅದು ಚಪ್ಪಲಿಯ ಜೊತೆ ಬಾಗಿಲಾಚೆಯೇ ಉಳಿಯುತ್ತಿತ್ತು. ಒಳಗೆ ಅವಳು ಗಂಡನಿಗೆ ‘ಇವಳೇ’, ಮಗಳಿಗೆ ‘ಅಮ್ಮಾ’. ಅತ್ತೆಗೆ ಕರೆಯುವ ಕಷ್ಟವೂ ಇರಲಿಲ್ಲ. ಮಂಚದ ಪಕ್ಕದ ಸ್ಟೀಲ್ ಲೋಟಕ್ಕೆ ಚಮಚದಿಂದ ಎರಡು ಏಟು ಬಿದ್ದರೆ ನೀರು ಬೇಕು, ಮೂರು ಬಿದ್ದರೆ ಬಚ್ಚಲಿಗೆ ಹೋಗಬೇಕು, ನಿಲ್ಲದೆ ಬಡಿಯುತ್ತಿದ್ದರೆ ಬೇಸರವಾಗಿದೆ ಎಂದು ಅರ್ಥ.

ಒಂಬತ್ತು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, “ಇನ್ಮೇಲೆ ಯಾರಾದ್ರೂ ಒಬ್ರು ಮನೇಲಿರಬೇಕಾಗುತ್ತೆ” ಎಂದಿದ್ದ. ‘ಯಾರಾದರೂ ಒಬ್ಬರು’ ಎಂಬ ಮಾತಿಗೆ ವ್ಯಾಕರಣದಲ್ಲಿ ಲಿಂಗವಿಲ್ಲ, ಮನೆಯಲ್ಲಿದೆ. ಮಾರನೆಯ ವಾರ ಅವಳು ಸ್ಕೂಲಿಗೆ ಹೋಗಿ ತನ್ನ ಡ್ರಾಯರಿನ ಚಾಕ್‌ಪೀಸು, ಡಸ್ಟರು, ಅರ್ಧ ತಿದ್ದಿದ ಕಾಪಿ ಪುಸ್ತಕಗಳನ್ನು ಒಪ್ಪಿಸಿ ಬಂದಳು. ಗಂಡ ಕೆಟ್ಟವನಲ್ಲ. ವಿದ್ಯುತ್ ಕಚೇರಿಯಲ್ಲಿ ಬಿಲ್ಲು ವಿಭಾಗದ ಗುಮಾಸ್ತ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಮದುವೆಯಾದ ಹದಿನೇಳು ವರ್ಷದಲ್ಲಿ ಸಕ್ಕರೆ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ತಿಳಿದುಕೊಳ್ಳದೆ ಬದುಕಿದ ಒಳ್ಳೆಯ ಮನುಷ್ಯ.

ಆಮೇಲೆ ಅವಳು ಹಾಲಿನಲ್ಲಿ ಚಾಪೆ ಹಾಸಿ ಟ್ಯೂಷನ್ ಶುರು ಮಾಡಿದಳು. ನಾಲ್ಕರಿಂದ ಆರು, ಹನ್ನೆರಡು ಮಕ್ಕಳು. ಅವಳಿಗೆ ಒಂದು ರೀತಿ ಇತ್ತು. ಪ್ರಶ್ನೆ ಕೇಳಿದ ಮೇಲೆ ಉತ್ತರ ಹೇಳಿಕೊಡುತ್ತಿರಲಿಲ್ಲ. ಮನಸ್ಸಿನಲ್ಲಿ ಒಂದರಿಂದ ಏಳರವರೆಗೆ ಎಣಿಸುತ್ತಿದ್ದಳು. ಎಂಥ ದಡ್ಡ ಮಗುವೂ ಐದಾರಕ್ಕೆ ಬರುವಷ್ಟರಲ್ಲಿ ತುಟಿ ಅಲ್ಲಾಡಿಸುತ್ತಿತ್ತು. ಎರಡಕ್ಕೇ ಉತ್ತರ ಕೊಟ್ಟುಬಿಡುವ ಟೀಚರಿನ ಕೈಯಲ್ಲಿ ಅದೇ ಮಗು ವರ್ಷಗಟ್ಟಲೆ ಬಾಯಿ ಬಿಡದೆ ಕೂತಿರುತ್ತದೆ ಎಂಬುದು ಅವಳು ಕಂಡುಕೊಂಡಿದ್ದ ಸತ್ಯ. ಆ ಏಳರ ಎಣಿಕೆಯಲ್ಲಿ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮಡಿಲಲ್ಲಿ ಬೆಳ್ಳುಳ್ಳಿ ಇರುತ್ತಿತ್ತು. ಒಂದು ಪ್ರಶ್ನೆಗೆ ಒಂದು ಎಸಳು ಸುಲಿಯಲು ಸರಿಹೋಗುತ್ತಿತ್ತು.

ಹಾಗೆ ಅವಳ ಚಾಪೆಯ ಮೇಲೆ ಕೂತು ಕಲಿತವಳು ಎದುರು ಮನೆಯ ಟೈಲರಿನ ಮಗಳು. ಈಗ ಸಮುದ್ರದಾಚೆಯ ದೊಡ್ಡ ಪಟ್ಟಣವೊಂದರ ಹೋಟೆಲಿನಲ್ಲಿ ಸ್ವಾಗತಕಾರಿಣಿ. ಅವಳೇ ಒಂದು ಮಧ್ಯಾಹ್ನ ಜಾಹೀರಾತು ಕಳಿಸಿದಳು. ಆ ಪಟ್ಟಣದ ಭಾಷಾ ಕೇಂದ್ರವೊಂದಕ್ಕೆ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು ಬೇಕು. ಒಂದು ವರ್ಷದ ಕರಾರು, ಇರಲು ಕೋಣೆ. ಪದವಿ ಬೇಕು, ತರಬೇತಿ ಬೇಕು, ವಯಸ್ಸು ನಲವತ್ತು ದಾಟಿರಬಾರದು. ಜೊತೆಗೆ ಟೈಲರಿನ ಮಗಳ ಧ್ವನಿ: “ಮಿಸ್, ಇಲ್ಲಿ ಮಕ್ಕಳಿಗೆ ಯಾರ್ಯಾರೋ ಪಾಠ ಮಾಡ್ತಾರೆ. ನೀವು ಬಂದ್ರೆ ಅವರೆಲ್ಲ ಬಾಲ ಮುದುರಿಕೊಂಡು ಓಡ್ತಾರೆ. ದಯವಿಟ್ಟು ಹಾಕಿ ಮಿಸ್.”

ಮಿಸ್ಸಿಗೆ ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ನಲವತ್ತು ತುಂಬುವುದಿತ್ತು. ಈ ಬಾಗಿಲು ಮುಚ್ಚಿದರೆ ಇನ್ನೊಂದಿಲ್ಲ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸಂಜೆ ಬೀನ್ಸ್ ಮುರಿಯುತ್ತ ವಿಷಯ ಎತ್ತಿದಳು. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. “ಹಾಕು. ಹಾಕೋದ್ರಲ್ಲಿ ಏನಿದೆ?” ಎಂದ. ಅವನು ಬೇಡ ಎನ್ನಲಿಲ್ಲ. ಸಿಗುವುದಿಲ್ಲ ಎಂದು ಅಷ್ಟು ಖಾತ್ರಿಯಿದ್ದವನಿಗೆ ಬೇಡ ಎನ್ನುವ ತೊಂದರೆ ಯಾಕೆ?

ಅರ್ಜಿಯನ್ನು ಮೊಬೈಲಿನಲ್ಲೇ ತುಂಬಬೇಕಿತ್ತು. ಕಾಲಮ್ಮುಗಳು ಒಂದೊಂದಾಗಿ ಬಂದವು. ಹೆಸರು, ವಯಸ್ಸು, ಓದು. ಆಮೇಲೆ ಸಣ್ಣ ಪರದೆಯ ಅಂಚಿನಲ್ಲಿ ತುಂಡಾದ ಒಂದು ಪದ, ಅದರ ಮುಂದೆ ಮೂರು ಚುಕ್ಕಿ: ನೇಟಿವ್... ಕೆಳಗೆ ಹೌದು, ಇಲ್ಲ ಎಂಬ ಎರಡು ಚೌಕ. ಹೌದಾದರೆ ಎಲ್ಲಿಯವರು ಎಂದು ಬರೆಯಲು ಒಂದು ಗೆರೆ.

“ನೇಟಿವ್ ಕೇಳ್ತಿದಾರೆ” ಎಂದಳು ಮಿಸ್ಸು, ಬೆರಳು ಪರದೆಯ ಮೇಲೆಯೇ ನಿಲ್ಲಿಸಿ. “ನಮ್ಮಪ್ಪನ ಊರು ಹಾಕ್ಲಾ, ಇಲ್ಲಿದು ಹಾಕ್ಲಾ?”

ಒಳಗಿನ ಕೋಣೆಯಲ್ಲಿ ಅತ್ತೆಯ ಕಿವಿ ನೆಟ್ಟಗಾಯಿತು. “ಅದನ್ನೂ ಕೇಳ್ತಾರೇನೇ? ಮದುವೆ ಆದ್ಮೇಲೆ ಹೆಂಗಸಿಗೆ ಗಂಡನ ಊರೇ ನೇಟಿವು. ಇದು ತಿಳೀದೆ ಇಷ್ಟು ವರ್ಷ ಪಾಠ ಮಾಡಿದ್ಯಾ?”

“ನಿಮ್ಮದು ಯಾವೂರು ಅತ್ತೆ, ಹಾಗಾದ್ರೆ?”

“ನಂದು ಇದೇ. ಅರವತ್ತು ವರ್ಷ ಆಯ್ತು. ಮೊದಲೇನಿತ್ತೋ ಯಾರಿಗೆ ನೆನಪಿದೆ?”

ಗಂಡ ಪುಟ ಮಗುಚಿದ. “ಗುರುತಿನ ಚೀಟಿಯಲ್ಲಿ ಏನಿದೆಯೋ ಅದನ್ನ ಬರಿ. ಆಮೇಲೆ ತಾಳೆ ಆಗ್ಲಿಲ್ಲ ಅಂತ ತಕರಾರು ಬರುತ್ತೆ.”

ಹದಿನೈದು ವರ್ಷದ ಮಗಳು ಮಂಚದ ಮೇಲಿಂದಲೇ ತೀರ್ಪು ಕೊಟ್ಟಳು: “ಹುಟ್ಟಿದ್ದೆಲ್ಲಿ ಅದೇ ಅಮ್ಮ. ಅಷ್ಟೇ. ಇದಕ್ಕೊಂದು ಸಭೆ ಬೇಕಾ?”

ಮಿಸ್ಸು ಹೌದು ಎಂಬ ಚೌಕವನ್ನು ಒತ್ತಿದಳು. ನೇಟಿವ್ ಇಲ್ಲದವರು ಯಾರಿದ್ದಾರೆ? ಗೆರೆಯ ಮೇಲೆ, ಯಾರಿಗೂ ಹೇಳದೆ, ತವರಿನ ಹೆಸರು ಬರೆದಳು. ಈಗ ಆ ಮನೆ ಅಣ್ಣನದು. ವರ್ಷಕ್ಕೆ ಎರಡು ದಿನ ಹೋಗಿ, ಅತ್ತಿಗೆಯ ಜೊತೆ ಸರಿಸಮ ಪಾತ್ರೆ ತೊಳೆದು ಬರುವ ಜಾಗ. ಆದರೂ ಬರೆಯುವಾಗ ಏನೋ ಕದ್ದು ತಿಂದಂಥ ಖುಷಿಯಾಯಿತು.

ಹನ್ನೊಂದನೆಯ ದಿನ ಉತ್ತರ ಬಂತು. ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದ್ದೀರಿ, ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋದಲ್ಲಿ ಹನ್ನೆರಡು ನಿಮಿಷದ ಮಾದರಿ ಪಾಠ. ಹಿಂದೆ ಖಾಲಿ ಗೋಡೆಯಿರಲಿ, ಸದ್ದಿರಬಾರದು.

ಮಿಸ್ಸು ಒದ್ದೆ ಕೈಯಲ್ಲೇ ಟೈಲರಿನ ಮಗಳಿಗೆ ಫೋನು ಮಾಡಿದಳು. ಆ ಕಡೆ ಮೊದಲು ಕಿರುಚಾಟ, ಆಮೇಲೆ ಪಿಸುಮಾತು.

“ಮಿಸ್, ನಿಜ ಹೇಳಿ. ನೇಟಿವ್ ಕಾಲಮ್ಮಿಗೆ ಏನು ಹಾಕಿದ್ರಿ? ಇಲ್ಲಿ ಇಲ್ಲ ಅಂತ ಹಾಕಿದವರ ಅರ್ಜಿ ಕಂಪ್ಯೂಟರೇ ತೆಗೆದುಬಿಡುತ್ತಂತೆ, ಈಗಷ್ಟೇ ಗೊತ್ತಾಯ್ತು.”

“ಹೌದು ಅಂತ ಹಾಕಿದೆ ಕಣೇ. ಅಪ್ಪನ ಊರು ಬರೆದೆ.”

ಹುಡುಗಿ, ದೊಡ್ಡವರಿಗೆ ಬುದ್ಧಿ ಹೇಳುವಾಗಿನ ಸಂಕೋಚದ ದನಿಯಲ್ಲಿ, “ಮಿಸ್, ಅದು ಊರಲ್ಲ. ನೇಟಿವ್ ಸ್ಪೀಕರ್ರಾ ಅಂತ. ಹುಟ್ಟಿನಿಂದ ಇಂಗ್ಲಿಷೇ ಆಡೋ ದೇಶದವರಾ ಅಂತ” ಎಂದಳು.

ಮಿಸ್ಸಿಗೆ ಆ ಮಾತು ತಿಳಿಯದ್ದೇನಲ್ಲ. ಎಂ.ಎ. ಪರೀಕ್ಷೆಯಲ್ಲಿ ಅದರ ಮೇಲೆ ನಾಲ್ಕು ಪುಟ ಬರೆದವಳು. ಆದರೆ ಅಲ್ಲಿ ಎರಡು ಪದ ಜೊತೆಗಿದ್ದವು. ಇಲ್ಲಿ ಒಂದೇ ಪದ ಅಡುಗೆಮನೆಗೆ ಬಂದಿತ್ತು, ಬೀನ್ಸಿನ ಪಕ್ಕ. ಮನೆಯವರೆಲ್ಲರೂ ಅದನ್ನು ತಮ್ಮ ಮನೆಯ ಮಾತೆಂದೇ ತಿಳಿದು ಚರ್ಚೆ ಮಾಡಿದ್ದರು. ತಾನು ಅಕ್ಷರ ತಿದ್ದಿಸಿದ ಹುಡುಗಿ ತನಗೆ ಒಂದು ಇಂಗ್ಲಿಷ್ ಪದದ ಅರ್ಥ ಹೇಳುವ ದಿನ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ಬರೆದು ತಿಳಿಸಿಬಿಡ್ಲಾ, ತಪ್ಪಾಯ್ತು ಅಂತ?”

“ಹುಚ್ಚಾ ಮಿಸ್ ನಿಮಗೆ? ಬಾಯಿಗೆ ಬೀಗ ಹಾಕ್ಕೊಂಡಿರಿ. ಮೊದಲು ಪಾಠ ನೋಡ್ಲಿ. ನೋಡಿದ್ಮೇಲೆ ಬಿಡೋಕೆ ಅವರಿಗೇ ಮನಸ್ಸು ಬರಲ್ಲ.”

ಮಿಸ್ಸು ಬೀಗ ಹಾಕಿಕೊಂಡಳು. ಮಗಳು ಗುರುವಾಗಲು ಮುಂದೆ ಬಂದಳು. “ಅಮ್ಮ, ವಾಟರ್ ಅನ್ಬೇಡ, ವಾಅ ಅನ್ನು. ಟ ಅನ್ನೋದನ್ನ ನುಂಗು.” ಮಿಸ್ಸು ನುಂಗಿದಳು. “ಅಷ್ಟೂ ನುಂಗ್ಬೇಡ!” ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾಠಕ್ಕೆ ದಿನಚರಿಯ ಕ್ರಿಯಾಪದಗಳನ್ನು ಆರಿಸಿದ್ದಾಯಿತು. ನಾನು ಎಂದರೆ ‘ವಾಶ್’, ಅವನು ಅವಳು ಎಂದರೆ ‘ವಾಶಸ್’.

“‘ಹೀ ವಾಶಸ್ ದ ಪ್ಲೇಟ್’” ಎಂದು ಮಗಳು ಓದಿ ನಿಲ್ಲಿಸಿದಳು. “ಅಮ್ಮ, ಈ ವಾಕ್ಯಕ್ಕೆ ನಮ್ಮನೇಲಿ ಉದಾಹರಣೆನೇ ಇಲ್ವಲ್ಲ.”

“ಏನದು?” ಎಂದ ಗಂಡ ಹಾಲಿನಿಂದ.

“ವ್ಯಾಕರಣ ಅಪ್ಪ, ನಿನಗಲ್ಲ.”

ಅದೇ ದಿನಗಳಲ್ಲಿ ಮಿಸ್ಸು ಇನ್ನೊಂದು ಕೆಲಸವನ್ನು ಸದ್ದಿಲ್ಲದೆ ಶುರು ಮಾಡಿದ್ದಳು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮನೆಯನ್ನು ಬರೆಯತೊಡಗಿದ್ದಳು. ಸಕ್ಕರೆ ಎಡಗಡೆ ಗೂಡಿನ ಎರಡನೆಯ ಡಬ್ಬಿ. ಅತ್ತೆಯ ಬಿಳಿ ಮಾತ್ರೆ ತಿಂದ ಮೇಲೆ, ಹಳದಿಯದು ತಿನ್ನುವ ಮುಂಚೆ. ಗ್ಯಾಸಿನ ಬಲಗಡೆ ಒಲೆ ತಿರುಗಿಸುವಾಗ ಒತ್ತಿ ಹಿಡಿಯಬೇಕು. ನೀರು ದಿನ ಬಿಟ್ಟು ದಿನ ಹನ್ನೊಂದಕ್ಕೆ ಬರುತ್ತದೆ, ಆಗ ಯಾರಾದರೂ ಒಬ್ಬರು ಮನೆಯಲ್ಲಿರಬೇಕು. ಇಲ್ಲಿಗೆ ಬಂದು ಪೆನ್ನು ನಿಂತಿತು. ಆ ಒಬ್ಬರು ಯಾರು ಎಂದು ಬರೆಯಲು ಅವಳಿಗೆ ತಿಳಿಯಲಿಲ್ಲ. ಆ ಪುಟವನ್ನು ಹಾಗೇ ಬಿಟ್ಟು ಮುಂದೆ ಹೋದಳು.

ಹನ್ನೆರಡು ನಿಮಿಷದ ಮೌನ ಹೊಂದಿಸಲು ಅವಳಿಗೆ ಮೂರು ದಿನ ಹಿಡಿಯಿತು. ಮಿಕ್ಸಿಯ ಕೆಲಸ ಬುಧವಾರವೇ ಮುಗಿಸಿದಳು. ಕುಕ್ಕರು ಹತ್ತೂವರೆಗೆ ಇಳಿಸಿದಳು. ಮೇಲಿನ ಮನೆಯವರ ಕೈಕಾಲು ಹಿಡಿದು ನೀರಿನ ಮೋಟಾರು ತಡವಾಗಿ ಹಾಕಿಸಿದಳು. ತರಕಾರಿಯವನಿಗೆ, “ಗುರುವಾರ ನಮ್ಮನೆ ಮುಂದೆ ಕೂಗ್ಬೇಡಪ್ಪ” ಎಂದಳು. ಅವನು, “ಯಾಕೆ ಮಿಸ್ಸೇ, ನನ್ನ ಇಂಗ್ಲಿಷು ಕೆಟ್ಟೋಯ್ತಾ?” ಎಂದ. ಅತ್ತೆಗೆ ಎರಡು ಸಲ ಬಚ್ಚಲು ಮಾಡಿಸಿ, ನೀರು ಕುಡಿಸಿ, ಲೋಟವನ್ನು ಪ್ಲಾಸ್ಟಿಕ್ಕಿನದಕ್ಕೆ ಬದಲಾಯಿಸಿಟ್ಟಳು. ಇಡೀ ಮನೆಯಲ್ಲಿ ಖಾಲಿ ಗೋಡೆಯೆಂದರೆ ವಾಷಿಂಗ್ ಮಷೀನಿನ ಎದುರಿನದೊಂದೇ. ಉಳಿದೆಲ್ಲ ಗೋಡೆಗಳಲ್ಲಿ ಕ್ಯಾಲೆಂಡರು, ಗಡಿಯಾರ, ಮೊಳೆ, ಗಂಡನ ಶರ್ಟು. ಬಟ್ಟೆಯ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಮೊಬೈಲನ್ನು ಮಷೀನಿನ ಮೇಲೆ ಸೋಪಿನ ಪುಡಿಯ ಡಬ್ಬಿಗೆ ಒರಗಿಸಿದಳು.

ಸರಿಯಾಗಿ ಹನ್ನೊಂದಕ್ಕೆ ಪರದೆಯಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಅದೇ ಪಟ್ಟಣದವಳು, ಐವತ್ತರ ಆಸುಪಾಸು, ಓದುವ ಕನ್ನಡಕವನ್ನು ತಲೆಗೇರಿಸಿಕೊಂಡಿದ್ದಳು. ಅವಳ ಇಂಗ್ಲಿಷಿಗೂ ಅವಳ ಸೀಮೆಯ ರಾಗವಿತ್ತು. ತಾನು ಏಳು ವರ್ಷದ ಮಗು ಎಂದು ತಿಳಿದುಕೊಂಡು ಪಾಠ ಮಾಡಿ ಎಂದಳು.

ಮಿಸ್ಸು ‘ವಾಅ’ ಎಂದು ಶುರು ಮಾಡಿದಳು. ಎರಡನೆಯ ನಿಮಿಷಕ್ಕೆ ಮಗಳು ಕಲಿಸಿದ್ದೆಲ್ಲ ಮರೆತೇಹೋಯಿತು. ಕೈಗೆ ಸಿಕ್ಕ ತಟ್ಟೆ ಎತ್ತಿದಳು, ನಾರು ಎತ್ತಿದಳು, ತಿಕ್ಕಿದಳು. ಗಂಡನ ಶರ್ಟು ಎತ್ತಿ ಅವನಾದಳು. ದುಪಟ್ಟಾ ಹೊದ್ದು ಅವಳಾದಳು. ಪರದೆಯ ಹೆಂಗಸು ಮಗುವಿನಂತೆ ಬೇಕೆಂದೇ ತಪ್ಪು ಹೇಳಿದಳು: “ಹೀ ವಾಶ್ ದ ಪ್ಲೇಟ್.” ಮಿಸ್ಸು ತಿದ್ದಲಿಲ್ಲ. ಶರ್ಟನ್ನು ಹಿಡಿದುಕೊಂಡು ಅವಳನ್ನೇ ನೋಡಿದಳು. ಒಂದು, ಎರಡು, ಮೂರು. ಹೆಂಗಸು ಕಣ್ಣು ಮಿಟುಕಿಸಿದಳು. ನಾಲ್ಕು, ಐದು. “ವಾಶಸ್!” ಎಂದು ಅವಳು ತಾನು ನಟಿಸುತ್ತಿದ್ದೇನೆ ಎಂಬುದನ್ನೇ ಮರೆತು ಕೂಗಿ, ನಕ್ಕುಬಿಟ್ಟಳು.

ಅಷ್ಟರಲ್ಲಿ ಒಳಗಿನಿಂದ ಟಣ್ ಟಣ್ ಟಣ್ ಎಂದಿತು. ಅತ್ತೆ ಪ್ಲಾಸ್ಟಿಕ್ ಲೋಟವನ್ನು ಬಿಟ್ಟು ಮಂಚದ ಕಬ್ಬಿಣದ ಕಾಲನ್ನು ಕಂಡುಕೊಂಡಿದ್ದರು.

“ಗಂಟೆಯಾ? ಸ್ಕೂಲಿನಲ್ಲಿದ್ದೀರಾ?” ಎಂದಳು ಹೆಂಗಸು.

“ಹೌದು, ಒಂದು ರೀತಿಯಲ್ಲಿ” ಎಂದಳು ಮಿಸ್ಸು. ಮೂರು ಏಟು. ಬಚ್ಚಲು. ಅವಳ ಅರ್ಧ ಜೀವ ಆ ಕಡೆ ಎದ್ದು ಹೋಯಿತು, ಇನ್ನರ್ಧ ಬಕೆಟ್ಟಿನ ಮೇಲೆ ಕೂತಿತ್ತು.

ಹೆಂಗಸು ಕನ್ನಡಕವನ್ನು ಕಣ್ಣಿಗಿಳಿಸಿದಳು. ಹದಿನೈದು ವರ್ಷದಿಂದ ಪಾಠ ನೋಡುತ್ತಿದ್ದೇನೆ, ಹೀಗೆ ಕಾಯುವವರನ್ನು ನೋಡಿಲ್ಲ ಎಂದಳು. ಸಮುದ್ರದಾಚೆಯ ಕೋಣೆಯೊಂದು ಮಿಸ್ಸಿನ ಕಣ್ಣಿಗೆ ಕಟ್ಟಿತು. ಒಂದು ಮಂಚ, ಒಂದು ಕಿಟಕಿ, ಒಬ್ಬಳಿಗೆ ಸಾಕಾಗುವಷ್ಟು ಪಾತ್ರೆ.

“ಒಂದು ಸಣ್ಣ ವಿಷಯ” ಎಂದಳು ಹೆಂಗಸು. “ನೇಟಿವ್ ಹೌದು ಎಂದಿದ್ದೀರಿ. ಈ ಊರನ್ನು ನಕ್ಷೆಯಲ್ಲಿ ಹುಡುಕಿದೆ, ಇಂಗ್ಲಿಷ್ ಆಡುವ ಯಾವ ದೇಶದಲ್ಲೂ ಸಿಗಲಿಲ್ಲ. ಎಲ್ಲಿದೆ ಇದು?”

ಬಾಯಿಗೆ ಬೀಗ ಹಾಕಿಕೊಳ್ಳಿ ಎಂದಿದ್ದಳು ಟೈಲರಿನ ಮಗಳು. ಆದರೆ ಕೇಳಿದ ಪ್ರಶ್ನೆಗೆ ಸರಿ ಉತ್ತರ ಹೇಳುವುದು ಮಿಸ್ಸಿಗೆ ರಕ್ತದಲ್ಲೇ ಬಂದಿತ್ತು. “ಅದು ನಮ್ಮಪ್ಪನ ಊರು. ನಮ್ಮಲ್ಲಿ ನೇಟಿವ್ ಅಂದರೆ ಅದೇ. ನನಗೆ ಆಮೇಲೆ ತಿಳಿಯಿತು.”

ಪರದೆಯ ಹೆಂಗಸು ಮೊದಲು ನಕ್ಕಳು. ಆ ನಗೆ ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾನೂ ನೇಟಿವ್ ಅಲ್ಲ ಎಂದಳು. ಅದಕ್ಕೇ ನಾನು ಆಫೀಸಿನಲ್ಲಿದ್ದೇನೆ, ತರಗತಿಯಲ್ಲಿಲ್ಲ. ತಂದೆತಾಯಿಯರು ಗಾಜಿನಾಚೆ ನಿಂತು ನೋಡುತ್ತಾರೆ, ಅವರಿಗೆ ಇಂಗ್ಲಿಷ್ ದೇಶದ ಮುಖ ಬೇಕು, ನನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಮಂಚದ ಕಾಲಿನ ಸದ್ದು ನಿಂತಿರಲಿಲ್ಲ. ಅವಳು ಎದುರಿನ ಕಾಗದಗಳನ್ನು ಮಗುಚಿ, ಇನ್ನೊಂದು ಕೆಲಸವಿದೆ ಎಂದಳು. ಪಾಠ ಬರೆಯುವುದು. ಏನು ಹೇಳಬೇಕು, ಯಾವಾಗ ಏನು ಎತ್ತಬೇಕು, ಎಲ್ಲಿ ಕಾಯಬೇಕು ಎಂದು ಸಾಲುಸಾಲಾಗಿ. ತರಗತಿಯಲ್ಲಿ ನಮ್ಮ ನೇಟಿವ್ ಟೀಚರು ಅದನ್ನು ಓದುತ್ತಾನೆ. ಒಳ್ಳೆಯ ಹುಡುಗ. ಮುಂಚೆ ಈಜುಕೊಳ ಕ್ಲೀನ್ ಮಾಡುವ ಸಾಮಾನು ಮಾರುತ್ತಿದ್ದ. ನೀವು ಇಲ್ಲಿಗೆ ಬರಬೇಕಾಗಿಲ್ಲ, ಮನೆಯಿಂದಲೇ ಮಾಡಬಹುದು. ವಯಸ್ಸಿನ ಮಿತಿಯೂ ಇಲ್ಲ.

“ನನ್ನ ದನಿ?” ಎಂದಳು ಮಿಸ್ಸು.

“ಬೇಕಾಗುವುದಿಲ್ಲ” ಎಂದಳು ಅವಳು, ತನ್ನದೇ ತಪ್ಪೆಂಬಂತೆ ಕಣ್ಣು ತಗ್ಗಿಸಿ.

ಕರೆ ಮುಗಿದ ಮೇಲೆ ಮಿಸ್ಸು ಅತ್ತೆಯ ಕೋಣೆಗೆ ಹೋದಳು. ತಡವಾಗಿತ್ತು. ಹಾಸಿಗೆ ಒದ್ದೆಯಾಗಿತ್ತು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅವಳು ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು, ಬಟ್ಟೆ ಬದಲಿಸಿದಳು, ಹೊದಿಕೆ ಎಳೆದು ಮಷೀನಿಗೆ ಹಾಕಿದಳು. ಸೋಪಿನ ಪುಡಿಯ ಡಬ್ಬಿ ಅಲ್ಲೇ ಇತ್ತು.

ಸಂಜೆ ಸುದ್ದಿ ಕೇಳಿ ಗಂಡನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. “ಮನೇಲೇ ಕೂತು ಮಾಡೋ ಕೆಲ್ಸ! ಅದಕ್ಕಿಂತ ಇನ್ನೇನೇ ಬೇಕು ನಿನಗೆ? ಹೋಗೋ ರಗಳೆಯಿಲ್ಲ, ಬರೋ ರಗಳೆಯಿಲ್ಲ.” ಆ ದಿನ ಅವನೇ ಎದ್ದು ಕಾಫಿ ಮಾಡಲು ಹೊರಟ. ಅಡುಗೆಮನೆಯಿಂದ ಕೂಗು ಬಂತು: “ಇವಳೇ, ಸಕ್ಕರೆ ಎಲ್ಲಿ?”

ಮಗಳು ಮಾತ್ರ ಗುರುಗುಟ್ಟಿದಳು. “ಅಮ್ಮ, ಅಡುಗೆ ನೀನು ಮಾಡ್ಬೇಕು, ಬಡಿಸೋದು ಅವನು. ಬೇಡ ಅನ್ನು.”

“ಬೇಡ ಅಂದ್ರೆ?” ಎಂದಳು ಮಿಸ್ಸು. ನಲವತ್ತು ತುಂಬಲು ಇನ್ನು ಎಂಟೇ ದಿನವಿತ್ತು.

ಕರಾರಿನ ಕಾಗದ ಮೊಬೈಲಿಗೆ ಬಂತು. ಅದರಲ್ಲೂ ಅದೇ ಕಾಲಮ್ಮು, ಈ ಸಲ ಪೂರ್ತಿ ಪದಗಳಲ್ಲಿ. ಮಿಸ್ಸು ಇಲ್ಲ ಎಂಬ ಚೌಕವನ್ನು ಒತ್ತಿದಳು. ಕೆಳಗಿನ ಗೆರೆ ತಾನೇ ಮಾಯವಾಯಿತು. ಮನೆಯನ್ನು ಬರೆದಿಟ್ಟ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪುಟ ಖಾಲಿಯಿತ್ತು. ಅದನ್ನೇ ತಿರುಗಿಸಿ ಹಿಂದುಗಡೆಯಿಂದ ಪಾಠ ಬರೆಯತೊಡಗಿದಳು. ತಟ್ಟೆ ಎತ್ತಿ. ಶರ್ಟು ತೋರಿಸಿ. ಇಲ್ಲಿ ಏಳರವರೆಗೆ ಎಣಿಸಿ, ಉತ್ತರ ಹೇಳಬೇಡಿ.

ಮೂರು ವಾರದ ಮೇಲೆ ತರಗತಿಯ ರೆಕಾರ್ಡಿಂಗ್ ಬಂತು, ಕೇಳಿ ಪಾಠ ಸುಧಾರಿಸಿ ಎಂಬ ಸೂಚನೆಯೊಂದಿಗೆ. ಮಿಸ್ಸು ಮೊಬೈಲನ್ನು ಕಿಟಕಿಯಲ್ಲಿಟ್ಟು, ಕಿವಿಗೆ ತಂತಿ ಸಿಕ್ಕಿಸಿಕೊಂಡು ಬೆಳಗಿನ ಪಾತ್ರೆಗೆ ನಿಂತಳು. ತುಂಬು ದನಿಯ ಹುಡುಗ. ಓದುವುದು ಸೊಗಸಾಗಿತ್ತು. ಅವನ ಬಾಯಲ್ಲಿ ಬಂದ ಅವಳ ಜೋಕುಗಳಿಗೆ ಮಕ್ಕಳು ನಕ್ಕರು. ಆಮೇಲೆ ಒಂದು ಪುಟ್ಟ ದನಿ, ತಡವರಿಸುತ್ತ, “ಹೀ ವಾಶ್...” ಎಂದು ನಿಂತಿತು. ಮಿಸ್ಸಿನ ಕೈಯಲ್ಲಿ ನಾರು ನಿಂತಿತು. ಒಂದು. ಎರಡು. “ವಾಶಸ್!” ಎಂದುಬಿಟ್ಟ ಹುಡುಗ. “ವಾಶಸ್” ಎಂದು ಮಗು ಒಪ್ಪಿಸಿತು. ನಿಲ್ಲಿಸೋಣವೆಂದರೆ ಅವಳ ಕೈಯೆಲ್ಲ ನೊರೆ. ರೆಕಾರ್ಡಿಂಗ್ ಮುಂದಿನ ವಾಕ್ಯಕ್ಕೆ ಹೋಯಿತು.

ಲೋಟ ಬಡಿಯುವ ಸದ್ದು ಕೇಳಿ ತಂತಿ ಕಿತ್ತಳು. ಎರಡಲ್ಲ, ಮೂರಲ್ಲ, ನಿಲ್ಲದೆ ಬಡಿಯುತ್ತಿತ್ತು. ಅವಳು ಕೈ ಒರೆಸಿಕೊಂಡು ಹೋಗಿ ಮಂಚದ ಅಂಚಿನಲ್ಲಿ ಕೂತಳು.

“ಆ ಕಾಗದಕ್ಕೆ ಏನು ಬರೆದೆ ಕೊನೆಗೆ?” ಎಂದು ಅತ್ತೆ ಕೇಳಿದರು. “ಇವನ ಊರು ತಾನೇ?”

“ಇಲ್ಲ ಅಂತ ಬರೆದೆ ಅತ್ತೆ.”

“ಇಲ್ಲ ಅಂದ್ರೆ?” ಅತ್ತೆಯ ಕೈಯಲ್ಲಿ ಚಮಚ ಹಾಗೇ ನಿಂತಿತು. “ಊರೇ ಇಲ್ಲ ಅಂತಾನಾ? ಎಲ್ಲಿಯವಳು ಅಂತ ಕೇಳಿದ್ರೆ ಏನು ಹೇಳ್ತೀಯೇ ಹಾಗಾದ್ರೆ?”

ಮಿಸ್ಸು ಬಾಯಿ ತೆರೆದಳು. ಅತ್ತೆ ಲೋಟವನ್ನು ಪಕ್ಕಕ್ಕಿಟ್ಟು, ಯಾವತ್ತೂ ಇಲ್ಲದ ತಾಳ್ಮೆಯಿಂದ, ಅವಳ ಮುಖವನ್ನೇ ನೋಡುತ್ತ ಕಾದರು. ಐದಾಯಿತು, ಆರಾಯಿತು. ಏಳೂ ಆಯಿತು.